ಕೆಸರಲ್ಲಿ ಬಿದ್ದದ್ದು ಈ ಭಾನುವಾರ, ಜ್ವರ ಬಂದದ್ದು ಮುಂದಿನ ವಾರ

[ಗದ್ದೆಯ ಹುಣಿಯ (ಬದುವಿನ) ಮೇಲೆ ನಿಂತು. ಹಿಂದೆ ಟಿಲ್ಲರ್ ಸದ್ದು. ಜಿಟಿಜಿಟಿ ಮಳೆ.]

ನಮಸ್ಕಾರ. ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗೆ, ಒಂದು ಗದ್ದೆಯ ಹುಣಿಯಲ್ಲಿ ನಿಂತಿದ್ದೇನೆ. ನಾಳೆ ಇಲ್ಲಿ ಕೆಸರುಗದ್ದೆ ಆಟ. ಹಗ್ಗಜಗ್ಗಾಟ, ವಾಲಿಬಾಲ್, ಅಡಿಕೆ ಹಾಳೆಯಲ್ಲಿ ಕೂರಿಸಿ ಎಳೆಯುದು, ಕೆಸರಲ್ಲಿ ಹುಗಿದ ತೆಂಗಿನಕಾಯಿ ಹುಡುಕುದು. ಮಧ್ಯಾಹ್ನಕ್ಕೆ ಪತ್ರೊಡೆ ಉಂಟಂತೆ. ನಾನು ನಿನ್ನೆ ಅಂಗಳದಲ್ಲಿ ಜಾರಿ ಕಾಲಿನ ಹೆಬ್ಬೆರಳು ಒಡೆದುಕೊಂಡಿದ್ದೇನೆ. ಅದನ್ನು ಈಗಲೇ ಹೇಳಿಡ್ತೇನೆ, ಕೊನೆಗೆ ಬೇಕಾಗ್ತದೆ.

ಕುಂಬಳೆಯ ಅಕ್ಕ ಒಬ್ಬರು ಮೆಸೇಜ್ ಕಳಿಸಿದ್ದರು: "ಕೆಸರು ಮೈಗೆ ಒಳ್ಳೆಯದು ಹೇಳ್ತಾರೆ. ಕಳೆದ ವರ್ಷ ಆಟಕ್ಕೆ ಹೋಗಿ ಬಂದ ನನ್ನ ಮಗನಿಗೆ ಎಲಿಪ್ಪನಿ ಬಂತು. ಯಾವುದನ್ನು ನಂಬುದು ತಮ್ಮಾ?"

ಎಲಿಪ್ಪನಿ ಅಂದರೆ ಇಲಿಜ್ವರ, ಲೆಪ್ಟೋಸ್ಪೈರೋಸಿಸ್. ಇಲಿಯ ಮೂತ್ರದಲ್ಲಿರುವ ಬ್ಯಾಕ್ಟೀರಿಯಾ ನಿಂತ ನೀರಿಗೆ ಸೇರಿ, ಕಾಲಿನ ಗಾಯದಿಂದ ನಮ್ಮ ಒಳಗೆ ಹೋಗ್ತದೆ. ಇಷ್ಟು ಗೊತ್ತಿದ್ದರೆ ಸಾಕು, ಮುಂದೆ ಹೋಗುವ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಬ್ಯಾಕ್ಟೀರಿಯಾದ ಹೆಸರು. ಲೆಪ್ಟೋಸ್ಪೈರಾ ಇಂಟರೋಗನ್ಸ್. ಇಂಟರೋಗನ್ಸ್ ಅಂದರೆ ಪ್ರಶ್ನೆ ಕೇಳುವಂಥದ್ದು! 1907ರಲ್ಲಿ ಸ್ಟಿಮ್ಸನ್ ಎಂಬವರು ಸತ್ತ ರೋಗಿಯೊಬ್ಬನ ಮೂತ್ರಪಿಂಡದ ತುಂಡನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಸುರುಳಿ ಸುರುಳಿ ಜೀವಿ, ತುದಿಯಲ್ಲಿ ಕೊಕ್ಕೆ. ಥೇಟ್ ಪ್ರಶ್ನಾರ್ಥಕ ಚಿಹ್ನೆ.

[ಪರದೆಯ ಮೇಲೆ ದೊಡ್ಡ "?" ನಿಧಾನವಾಗಿ ತಿರುಗುತ್ತದೆ.]

ತಮಾಷೆ ಎಂತ ಅಂದರೆ, ಆ ರೋಗಿ ಸತ್ತದ್ದು ಹಳದಿ ಜ್ವರದಿಂದ ಅಂತ ಎಲ್ಲರೂ ತಿಳಿದಿದ್ದರು. ಪ್ರಶ್ನೆ ಕಣ್ಣೆದುರೇ ಇತ್ತು, ಯಾವ ಪರೀಕ್ಷೆಯದ್ದು ಅಂತ ಗೊತ್ತಿರಲಿಲ್ಲ. 1915ರ ಹೊತ್ತಿಗೆ ಜಪಾನಿನಲ್ಲಿ ಇನಾದಾ ಮತ್ತು ಅವರ ತಂಡ, ಕಾಯಿಲೆ ಬಿದ್ದ ಗಣಿ ಕಾರ್ಮಿಕರಲ್ಲಿ ಇಂಥದೇ ಸುರುಳಿಯನ್ನು ಕಂಡು ರೋಗದ ಮೂಲ ಹಿಡಿದರು. ಗಣಿಯಲ್ಲಿಯೂ ಇದೇ ಕತೆ: ಒದ್ದೆ ನೆಲ, ಇಲಿ, ದಿನವಿಡೀ ನೀರಲ್ಲಿ ನೆನೆದ ಕಾಲು.

ಇಲಿಯನ್ನು ಕೇಳಿದರೆ ಅದಕ್ಕೆ ಕಾಯಿಲೆಯೇ ಇಲ್ಲ. ಈ ಪ್ರಶ್ನಾರ್ಥಕ ಚಿಹ್ನೆ ಅದರ ಮೂತ್ರಪಿಂಡದಲ್ಲಿ ಬಾಡಿಗೆ ಕೊಡದೆ ಸಂಸಾರ ಹೂಡಿರ್ತದೆ. ಹೊರಗೆ ಬಿದ್ದ ಮೇಲೆ ಒಣಗಿದರೆ ಸಾಯ್ತದೆ. ಒದ್ದೆ ಮಣ್ಣು ಸಿಕ್ಕಿದರೆ ವಾರಗಟ್ಟಲೆ ಬದುಕ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮೇಲೆ ಮಳೆ ಬೀಳುವ ಊರು ನಮ್ಮದು. ಆಟಿ ತಿಂಗಳಲ್ಲಿ ಒಣಗುದು ಎಂತದು ಮಾರಾಯ್ರೆ, ನನ್ನ ಬನಿಯನ್ ಒಣಗದೆ ನಾಲ್ಕು ದಿನ ಆಯ್ತು.

[ಕ್ಯಾಮೆರಾ ಹುಣಿಯ ಬದಿಗೆ.]

ಇಲ್ಲಿ ನೋಡಿ. ಮುಷ್ಟಿ ಹಿಡಿಯುವಷ್ಟು ತೂತು, ಬಾಯಲ್ಲಿ ಹೊಸ ಮಣ್ಣು. ಇಲಿಮಾಟೆ. ಆ ಕಡೆ ಇನ್ನೊಂದು. ಹುಣಿಯ ಆಚೆ ಯಾರೋ ಕೋಳಿ ಅಂಗಡಿಯ ಕಸ ತಂದು ಸುರಿದಿದ್ದಾರೆ. ಗದ್ದೆಯೂ ಸಾಗುವಳಿಯದ್ದಲ್ಲ, ಹಡಿಲು ಬಿದ್ದದ್ದು. ನಾಳೆಗಾಗಿ ಇವತ್ತು ಉಳುತ್ತಿದ್ದಾರೆ. ಗದ್ದೆಗಳೆಲ್ಲ ಅಡಿಕೆ ತೋಟವಾದ ಮೇಲೆ ಆಟಕ್ಕೆ ಸಿಗುವ ಗದ್ದೆ ಎಷ್ಟುಂಟು? ಸಿಕ್ಕಿದ ಒಂದರಲ್ಲೇ ಈ ಭಾನುವಾರ ಒಂದು ಸಂಘ, ಮುಂದಿನ ಭಾನುವಾರ ಇನ್ನೊಂದು. ಮೊದಲೆಲ್ಲ ನೇಜಿ ನೆಡುವ ಗದ್ದೆಯಲ್ಲಿ ನೀರು ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೋಗ್ತಿತ್ತು. ಇಲ್ಲಿ ಹಾಳೆ ಚೆನ್ನಾಗಿ ಜಾರಲಿ ಅಂತ ನೀರನ್ನು ಕಟ್ಟಿ ನಿಲ್ಲಿಸಿದ್ದಾರೆ. ನನಗೆ ಕೆಸರಿನ ಮೇಲೆ ಸಿಟ್ಟಿಲ್ಲ, ಆ ಕಸದ ರಾಶಿಯ ಮೇಲೆ ಉಂಟು.

ಈಗ ನನ್ನ ಇಷ್ಟದ ಕತೆ. 2000ನೇ ಇಸವಿ, ಮಲೇಷ್ಯಾದ ಸಬಾ. ಇಕೋ ಚಾಲೆಂಜ್ ಅಂತ ಒಂದು ಸಾಹಸ ಓಟ. 304 ಮಂದಿ ಕ್ರೀಡಾಪಟುಗಳು ಕಾಡು, ಕೆಸರು, ಗುಹೆ, ಹೊಳೆ ಎಲ್ಲ ದಾಟಿದರು. ಓಟ ಮುಗಿಯಿತು, ವಿಮಾನ ಹತ್ತಿ ಅವರವರ ದೇಶಕ್ಕೆ ಹೋದರು. ಜ್ವರ ಶುರುವಾದದ್ದು ಆಮೇಲೆ! ತನಿಖೆ ಮಾಡಿದವರಿಗೆ ಮಾತಾಡಲು ಸಿಕ್ಕಿದ್ದು 189 ಮಂದಿ. ಅವರಲ್ಲಿ 80 ಮಂದಿಗೆ ಇಲಿಜ್ವರದ ಲಕ್ಷಣ, 29 ಮಂದಿ ಆಸ್ಪತ್ರೆಗೆ. ಯಾರೂ ಸಾಯಲಿಲ್ಲ. ಹೆಚ್ಚಿನ ಅಪಾಯ ಕಂಡದ್ದು ಸೆಗಾಮಾ ಹೊಳೆಯಲ್ಲಿ ಈಜಿದವರಿಗೆ. ಅವರೇನು ಬಡಕಲು ಜನ ಅಲ್ಲ, ಪ್ರಪಂಚದ ಗಟ್ಟಿಮುಟ್ಟು ದೇಹಗಳು.

ಸಬಾದಲ್ಲಿ ಆದದ್ದೇ ನಮ್ಮಲ್ಲಿ ಆಗುದು. ರೋಗಾಣು ಒಳಗೆ ಹೋಗಿ ಜ್ವರ ಬರಲು ಸಾಮಾನ್ಯವಾಗಿ ಐದರಿಂದ ಹದಿನಾಲ್ಕು ದಿನ ಬೇಕು. ಭಾನುವಾರ ಆಟಕ್ಕೆ ಬಂದ ಹುಡುಗರು ರಾತ್ರಿ ಬಸ್ಸಿಗೆ ಬೆಂಗಳೂರಿಗೆ, ಕೆಲವರು ಗಲ್ಫಿಗೆ. ನನ್ನ ಚಿಕ್ಕಮ್ಮನ ಮಗನಿಗೆ ಒಂಬತ್ತನೇ ದಿನ ಜ್ವರ, ಮೀನಖಂಡದಲ್ಲಿ ಮುಟ್ಟಲಿಕ್ಕೆ ಆಗದ ನೋವು. ಹಗ್ಗ ಎಳೆದದ್ದರ ನೋವು ಅಂತ ತಾನೇ ತೀರ್ಮಾನಿಸಿದ. ಡಾಕ್ಟರು ಡೆಂಗ್ಯೂ ಇರಬಹುದು ಅಂದರು. ಅವರ ತಪ್ಪಲ್ಲ, ಈ ಗದ್ದೆಯನ್ನು ಅವರು ನೋಡಿಲ್ಲವಲ್ಲ. ಚಿಕ್ಕಮ್ಮ ಫೋನಿನಲ್ಲಿ, "ಕಣ್ಣು ಕೆಂಪುಂಟನಾ? ಕೆಸರಿಗೆ ಇಳಿದದ್ದು ಹೇಳಿದ್ದೀಯಾ ಅವರಿಗೆ?" ಅಂತ ಕೇಳಿದ ಮೇಲೆಯೇ ದಾರಿ ಸಿಕ್ಕಿದ್ದು. ಮೊದಲ ದಿನಗಳಲ್ಲೇ ಹಿಡಿದರೆ ಸಾಮಾನ್ಯ ಆ್ಯಂಟಿಬಯೋಟಿಕ್‌ನಲ್ಲಿ ಗುಣವಾಗುವ ಕಾಯಿಲೆ ಇದು. ತಡವಾದರೆ ಮೂತ್ರಪಿಂಡ, ಲಿವರ್ ಎರಡಕ್ಕೂ ಕುತ್ತು.

[ಗಡಿಯಾರ ತೋರಿಸಿ.] ಎಡಿಟರ್ ಕೈ ಬೀಸ್ತಿದ್ದಾನೆ. ಉಳಿದದ್ದು ಬೇಗ ಬೇಗ.

ಜ್ವರ ಬಾರದ ಹಾಗೆ ಮೊದಲೇ ತಿನ್ನುವ ಮಾತ್ರೆ ಉಂಟಾ? ಉಂಟು, ಡಾಕ್ಸಿಸೈಕ್ಲಿನ್. ಪನಾಮಾ ಕಾಡಿನಲ್ಲಿ ತರಬೇತಿಗೆ ಹೋದ ಅಮೆರಿಕದ ಸೈನಿಕರಿಗೆ ವಾರಕ್ಕೆ 200 ಮಿಲಿಗ್ರಾಂ ಕೊಟ್ಟು ನೋಡಿದ ಪ್ರಯೋಗ 1984ರಲ್ಲಿ ಪ್ರಕಟವಾಯ್ತು: ಮಾತ್ರೆ ತಿಂದವರಲ್ಲಿ ಕಾಯಿಲೆ ಬಿದ್ದದ್ದು ಒಬ್ಬ, ತಿನ್ನದವರಲ್ಲಿ 20 ಮಂದಿ. 2018ರ ನೆರೆಯಲ್ಲಿ ಕೇರಳದಲ್ಲಿ ಹಂಚಿದ್ದೂ ಇದನ್ನೇ. ಆದರೆ ಗರ್ಭಿಣಿಯರಿಗೆ, ಸಣ್ಣ ಮಕ್ಕಳಿಗೆ ಆಗುದಿಲ್ಲ. ಆರೋಗ್ಯ ಕೇಂದ್ರದಲ್ಲಿ ಕೇಳಿಯೇ ತೆಗೆದುಕೊಳ್ಳಿ, ಊಟದ ಮೇಲೆ, ತುಂಬಾ ನೀರಿನೊಟ್ಟಿಗೆ. ಆಟಿ ಅಮಾವಾಸ್ಯೆಗೆ ಪಾಲೆ ಕಷಾಯ ಕುಡಿದಿದ್ದೇನೆ, ನನಗೆ ಎಂತದೂ ಬರುದಿಲ್ಲ ಅನ್ನುವವರಿಗೆ: ಕಹಿಗೆ ಇಲಿಜ್ವರ ಹೆದರುದಿಲ್ಲ. ಸಕ್ಕರೆ ಕಾಯಿಲೆ ಇರುವವರು ಇನ್ನೂ ಜಾಗ್ರತೆ. ಇದೇ ಕೆಸರಿನಲ್ಲಿ ಮೆಲಿಯೋಯ್ಡೋಸಿಸ್ ಎಂಬ ಬೇರೆ ಕಾಯಿಲೆ ತರುವ ಇನ್ನೊಂದು ಬ್ಯಾಕ್ಟೀರಿಯಾ ಇರಬಹುದು, ಅದಕ್ಕೆ ಬೇರೆಯೇ ವಿಡಿಯೋ ಬೇಕು.

ಮತ್ತೆ ಸಂಘದವರಿಗೆ ಒಂದು ಮಾತು. ಆಟದ ವಾಟ್ಸಾಪ್ ಗ್ರೂಪಿನಲ್ಲಿ ಫೋಟೋ ಹಾಕಿ ಮುಗಿದ ಕೂಡಲೇ ಎಲ್ಲರೂ ಹೊರಗೆ ಹೋಗ್ತಾರಲ್ಲ, ಅವರನ್ನು ಹದಿನೈದು ದಿನ ಹಿಡಿದಿಡಿ. ಏಳನೇ ದಿನ ಒಂದು ಸಾಲು ಹಾಕಿ: "ಯಾರಿಗಾದರೂ ಜ್ವರ ಉಂಟಾ? ಡಾಕ್ಟರಿಗೆ ಗದ್ದೆಯ ವಿಷಯ ಹೇಳಿ." ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಹಾಕಿ. ನಮ್ಮ ಕಡೆ ಒಂದು ಗೋಡೆಯಲ್ಲಿ ಈ ಜ್ವರದ ಎಚ್ಚರಿಕೆ ಮಲಯಾಳದಲ್ಲಿ ಮಾತ್ರ ಉಂಟು. ನನ್ನ ಅಜ್ಜಿ ಅದರಲ್ಲಿ ಓದಿದ್ದು ಇಲಿಯ ಚಿತ್ರ ಒಂದೇ.

[ಹೆಬ್ಬೆರಳಿನ ಬ್ಯಾಂಡೇಜ್ ಹತ್ತಿರದಿಂದ.]

ನಾಳೆ ಹಗ್ಗಜಗ್ಗಾಟದಲ್ಲಿ ನಮ್ಮ ತಂಡಕ್ಕೆ ಒಬ್ಬ ಕಡಿಮೆ. ನಾನು ಹುಣಿಯ ಮೇಲೆ, ಮೈಕ್ ಹಿಡಿದು.