ಹೆಣ್ಣಿನ ಅಧೀನತೆಯ ಮೂಲ ಮತ್ತು ಹೊಲದ ಉತಾರ

ಕೇಳುಗರೆಲ್ಲರಿಗೂ ನಮಸ್ಕಾರ.

ಹೆಣ್ಣು ಗಂಡಿನ ಅಧೀನದಲ್ಲಿರುವುದು ಸೃಷ್ಟಿಯ ನಿಯಮವೆಂಬ ಮಾತನ್ನು ನಮ್ಮ ವಿಜಯಪುರ, ಬಾಗಲಕೋಟೆಯ ಸೀಮೆಯಲ್ಲಿ ಓದಿದವರೂ ಆಡುತ್ತಾರೆ. ಸಮಾಜವಾದಿ ಚಿಂತನೆ ಈ ಮಾತನ್ನು ಒಪ್ಪುವುದಿಲ್ಲ. ಕುಟುಂಬ, ಖಾಸಗಿ ಆಸ್ತಿ ಮತ್ತು ಪ್ರಭುತ್ವಗಳ ಉಗಮವನ್ನು ಕುರಿತು ಜರ್ಮನಿಯ ಸಮಾಜವಾದಿ ಚಿಂತಕ ಫ್ರೆಡ್ರಿಕ್ ಎಂಗೆಲ್ಸ್ 1884ರಲ್ಲಿ ಬರೆದ ಗ್ರಂಥದ ವಾದವಿದು: ಕುಲಕ್ಕೆಲ್ಲ ಸೇರಿದ್ದ ದನಕರು, ಭೂಮಿ ಒಬ್ಬೊಬ್ಬ ಗಂಡಸಿನ ಸ್ವತ್ತಾದಾಗ, ಅದು ತನ್ನ ಮಕ್ಕಳಿಗೇ ಸೇರಬೇಕೆಂಬ ಹಟ ಹುಟ್ಟಿತು, ಮಕ್ಕಳು ತನ್ನವರೇ ಎಂಬ ಖಾತರಿಗಾಗಿ ಹೆಣ್ಣಿನ ಮೇಲೆ ಕಟ್ಟುಪಾಡು ಬಿತ್ತು.

ಎಂಗೆಲ್ಸ್ ಅವರಿಗೆ ಮುಖ್ಯ ಆಧಾರವಾದದ್ದು ಅಮೆರಿಕದ ಮಾನವಶಾಸ್ತ್ರಜ್ಞ ಲೂಯಿಸ್ ಹೆನ್ರಿ ಮಾರ್ಗನ್ ಅವರ 1877ರ ಅಧ್ಯಯನ. ಅಲ್ಲಿನ ಮೂಲನಿವಾಸಿಗಳಾದ ಇರೊಕ್ವಾ ಜನರು ಉದ್ದನೆಯ ಮನೆಗಳಲ್ಲಿ ತಾಯಿಯ ಕಡೆಯ ಬಳಗದೊಡನೆ ಕೂಡಿ ಬಾಳುತ್ತಿದ್ದರು. ಗೋವಿನಜೋಳ, ಕುಂಬಳ ಬೆಳೆಯುವವರೂ ಹೆಂಗಸರೇ, ಬೆಳೆದ ಕಾಳನ್ನು ಹಂಚುವವರೂ ಹೆಂಗಸರೇ. ಕುಲದ ಮುಖಂಡನನ್ನು ಹಿರಿಯ ತಾಯಂದಿರು ಆರಿಸುತ್ತಿದ್ದರು, ಅವನು ತಪ್ಪಿ ನಡೆದರೆ ಅವರೇ ಇಳಿಸುತ್ತಿದ್ದರು. ಸಮಾಜಗಳೆಲ್ಲವೂ ಒಂದೇ ಮೆಟ್ಟಿಲ ಸಾಲನ್ನು ಏರಿ ಬಂದವೆಂಬ ಮಾರ್ಗನ್ ಅವರ ನಿಲುವನ್ನು ಮುಂದಿನ ಮಾನವಶಾಸ್ತ್ರಜ್ಞರು ಕೈಬಿಟ್ಟರು, ಅದು ಸರಿಯೇ. ಆದರೆ ಹೀಗೆ ಬಾಳಿದ ಒಂದೇ ಒಂದು ಜನಾಂಗವಿದ್ದರೂ ಸಾಕು, ಸೃಷ್ಟಿ ನಿಯಮದ ಮಾತು ನಿಲ್ಲುವುದಿಲ್ಲ.

ನಮ್ಮ ನಾಡಿಗೆ ಬಂದಾಗ ಆಸ್ತಿಯ ಜೊತೆಗೆ ಜಾತಿಯನ್ನೂ ನೋಡಲೇಬೇಕು. ಡಾ. ಅಂಬೇಡ್ಕರ್ ಅವರು 1916ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮಂಡಿಸಿದ ಪ್ರಬಂಧದಲ್ಲಿ, ಜಾತಿ ಉಳಿಯುವುದೇ ಜಾತಿಯೊಳಗೇ ಆಗುವ ಮದುವೆಯಿಂದ ಎಂದೂ, ಸತಿ, ಬಲವಂತದ ವೈಧವ್ಯ, ಬಾಲ್ಯವಿವಾಹಗಳು ಅದನ್ನು ಕಾಯುವ ಉಪಾಯಗಳೆಂದೂ ತೋರಿಸಿದರು. ಎಂಗೆಲ್ಸ್ ಅವರ ವಾದದಲ್ಲಿ ಈ ಎಳೆ ಇಲ್ಲ.

ಇನ್ನು ದುಡಿಮೆ. ಇಳಕಲ್ಲಿನ ಎಷ್ಟೋ ನೇಕಾರರ ಮನೆಗಳಲ್ಲಿ ಗಂಡ ಕುಣಿಮಗ್ಗದಲ್ಲಿ ಕುಳಿತರೆ, ಹೆಂಡತಿ ರಾಟಿ ಹಿಡಿದು ಕಂಡಿಕೆ, ಅಂದರೆ ಲಾಳಿಯೊಳಗಿಡುವ ನೂಲಿನ ಸುರುಳಿ, ಸುತ್ತುತ್ತಾಳೆ. ಕಂಡಿಕೆ ಇಲ್ಲದೆ ಲಾಳಿ ಓಡದು. ಆದರೂ ಮಜೂರಿ ಸೀರೆಯ ಲೆಕ್ಕದಲ್ಲಿ ನೇಯ್ದವನ ಕೈಗೆ ಬರುತ್ತದೆ, ಕಂಡಿಕೆಯ ಕೆಲಸ ಮನೆಗೆಲಸದಲ್ಲಿ ಕರಗಿಹೋಗುತ್ತದೆ.

ಹಿರಿಯರ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕೆಂದು ಕರ್ನಾಟಕ 1994ರಲ್ಲೇ, ಕೇಂದ್ರ ಸರ್ಕಾರ 2005ರಲ್ಲಿ ಕಾನೂನು ತಿದ್ದಿದವು. ಆದರೆ ವಾಟ್ನಿಯ, ಅಂದರೆ ಆಸ್ತಿ ಪಾಲಾಗುವ, ಹೊತ್ತಿಗೆ ಅಕ್ಕತಂಗಿಯರು ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕುವುದು ಇಂದಿಗೂ ರೂಢಿಯಲ್ಲಿದೆ. ಪಾಲು ಕೇಳಿದರೆ ಪಂಚಮಿಗೆ ಕರೆಯಲು ಅಣ್ಣ ಬರುವುದಿಲ್ಲ, ತವರಿನಲ್ಲಿ ಉಡಿ ತುಂಬುವವರಿಲ್ಲ ಎಂಬ ಅಂಜಿಕೆ ಅವರ ಕೈ ಹಿಡಿದು ಸಹಿ ಹಾಕಿಸುತ್ತದೆ. ಇದನ್ನು ಪ್ರೀತಿಯಿಂದ ಬಿಟ್ಟುಕೊಟ್ಟದ್ದು ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ನಾಳೆ ಗಂಡ ತೀರಿಕೊಂಡು ಆಕೆ ತವರಿಗೆ ಬಂದು ಅದೇ ಹೊಲದಲ್ಲಿ ಕಳೆ ತೆಗೆದರೂ, ಉತಾರದಲ್ಲಿ, ಅಂದರೆ ಹೊಲದ ಪಹಣಿಯಲ್ಲಿ, ಹೆಸರಿಲ್ಲದ ಕಾರಣ ಸೊಸೈಟಿಯ ಬೆಳೆಸಾಲವಾಗಲಿ, ಬರಗಾಲದ ಬೆಳೆ ಪರಿಹಾರವಾಗಲಿ ಆಕೆಯ ಖಾತೆಗೆ ಬರುವುದಿಲ್ಲ.