ಗಸ್ಸಿಗೆ ಸಿಕ್ಕಿದ್ದು ಹತ್ತು ಡಾಲರ್

ಎಲ್ಲರಿಗೂ ನಮಸ್ಕಾರ. ಹಳೇ ಹಾಲಿವುಡ್ ಕಾಮಿಡಿಗಳಲ್ಲಿ ಯಾರಿಗೆ ಎಂಥ ಪಾತ್ರ ಸಿಗುತ್ತಿತ್ತು ಅಂತ ಸ್ವಲ್ಪ ಮಾತಾಡೋಣ. ಈ ವಿಷಯ ಬಂದರೆ ಎಲ್ಲರೂ ಮೊದಲು ಎತ್ತುವುದು 1961ರ 'ಬ್ರೇಕ್‌ಫಾಸ್ಟ್ ಅಟ್ ಟಿಫನೀಸ್'. ಅದರಲ್ಲಿ ಮಿಕ್ಕಿ ರೂನಿ ಎಂಬ ಬಿಳಿಯ ನಟ ಕೃತಕ ಹಲ್ಲು ಕಟ್ಟಿಕೊಂಡು ಜಪಾನಿನವನಾಗಿ ಕಿರುಚಾಡುತ್ತಾನೆ. ನೋಡಿದವರಿಗೆ ಮುಜುಗರ ಆಗೇ ಆಗುತ್ತದೆ, ಅದರ ಬಗ್ಗೆ ಜಾಸ್ತಿ ಹೇಳುವುದೇನೂ ಇಲ್ಲ. ನನಗೆ ತಲೆ ಕೊರೆಯುವುದು ಯಾವ ಮುಜುಗರವೂ ಇಲ್ಲದೆ ನಕ್ಕು ಎದ್ದುಬರುವ ಸಿನಿಮಾಗಳು.

1948ರ 'ಮಿಸ್ಟರ್ ಬ್ಲ್ಯಾಂಡಿಂಗ್ಸ್ ಬಿಲ್ಡ್ಸ್ ಹಿಸ್ ಡ್ರೀಮ್ ಹೌಸ್' ತಗೊಳ್ಳಿ. ನಾಯಕ ನಟ ಕ್ಯಾರಿ ಗ್ರ್ಯಾಂಟ್ ಇದರಲ್ಲಿ ಜಾಹೀರಾತು ಕಂಪನಿಯ ನೌಕರ. ನ್ಯೂಯಾರ್ಕ್ ಬಿಟ್ಟು ಕನೆಕ್ಟಿಕಟ್‌ನಲ್ಲಿ ಮನೆ ಕಟ್ಟಿಸಲು ಹೋಗಿ ಕೈ ಸುಟ್ಟುಕೊಳ್ಳುತ್ತಾನೆ. ಮನೆ ಕಟ್ಟಿ ನೋಡು ಅಂತ ನಮ್ಮವರು ಸುಮ್ನೆ ಹೇಳಲಿಲ್ಲ! ಇದರ ಮಧ್ಯೆ 'ವ್ಯಾಮ್' ಎಂಬ ಹಂದಿಮಾಂಸದ ಬ್ರಾಂಡಿಗೆ ಒಂದು ಜಾಹೀರಾತು ಸಾಲು ಬೇಕು, ಎಷ್ಟು ತಿಣುಕಿದರೂ ಹೊಳೆಯುವುದಿಲ್ಲ, ಕೆಲಸ ಹೋಗುವ ಹಾಗಾಗಿದೆ. ಆಗ ಮನೆಗೆಲಸದ ಗಸ್ಸಿ ತಿಂಡಿ ಬಡಿಸುತ್ತಾ ಒಂದು ಮಾತು ಹೇಳುತ್ತಾಳೆ: ವ್ಯಾಮ್ ತಿನ್ನದಿದ್ದರೆ ಹ್ಯಾಮ್ ತಿಂದ ಹಾಗೇ ಅಲ್ಲ. ಅಷ್ಟೇ, ಗ್ರ್ಯಾಂಟ್ ಕೆಲಸ ಉಳಿಯಿತು. ಗಸ್ಸಿಗೆ? ಸಂಬಳದಲ್ಲಿ ಹತ್ತು ಡಾಲರ್ ಜಾಸ್ತಿ ಮಾಡು ಅಂತ ಹೆಂಡತಿಗೆ ಹೇಳುತ್ತಾನೆ.

ಗಸ್ಸಿಯಾಗಿದ್ದವರು ಲೂಯಿಸ್ ಬೀವರ್ಸ್, ಕಪ್ಪು ಜನಾಂಗದ ನಟಿ. 1934ರ 'ಇಮಿಟೇಶನ್ ಆಫ್ ಲೈಫ್'ನಲ್ಲೂ ಇವರದು ಮನೆಗೆಲಸದವಳ ಪಾತ್ರವೇ. ಅದು ಕಾಮಿಡಿಯಲ್ಲ, ಆದರೆ ಕಥೆ ನೋಡಿ: ಇವಳ ಪ್ಯಾನ್‌ಕೇಕ್ ರೆಸಿಪಿಯಿಂದ ಯಜಮಾನಿ ಶ್ರೀಮಂತಳಾಗುತ್ತಾಳೆ, ನೂರಕ್ಕೆ 20ರಷ್ಟು ಪಾಲು ಕೊಡುತ್ತೇನೆ ಎಂದರೆ ಇವಳು ಬೇಡ, ನಿಮ್ಮ ಜೊತೆಗೇ ಇರುತ್ತೇನೆ ಅನ್ನುತ್ತಾಳೆ. ಬೇಡ ಅಂತ ಅವಳ ಬಾಯಲ್ಲಿ ಹೇಳಿಸಿದವರು ಚಿತ್ರಕಥೆ ಬರೆದವರು, ಅಲ್ವಾ? 14 ವರ್ಷ ಕಳೆದರೂ ಐಡಿಯಾ ಅಡುಗೆಮನೆಯದು, ಲಾಭ ಹಾಲ್‌ನಲ್ಲಿ ಕೂತವರದು.

ಸ್ಟುಡಿಯೋಗಳು ಯಾಕೆ ಹೀಗೆ ಮಾಡಿದವು? ಸಿನಿಮಾ ತಡೆದರೆ ದುಡ್ಡು ಹೋಗುತ್ತದೆ ಎಂಬ ಭಯವೂ ಒಂದು ಕಾರಣ. 1934ರಿಂದ ಬಿಗಿಯಾಗಿ ಜಾರಿಯಾದ ಪ್ರೊಡಕ್ಷನ್ ಕೋಡ್, ಅಂದರೆ ಸಿನಿಮಾದಲ್ಲಿ ಏನು ತೋರಿಸಬಹುದು ಅಂತ ಹಾಲಿವುಡ್ ತಾನೇ ಹಾಕಿಕೊಂಡ ನಿಯಮಗಳು, ಕಪ್ಪು-ಬಿಳಿಯರ ಪ್ರೇಮವನ್ನು ತೋರಿಸಲು ಬಿಡುತ್ತಿರಲಿಲ್ಲ. ಅದರ ಮೇಲೆ ಅಮೆರಿಕದ ದಕ್ಷಿಣ ಭಾಗದ ಊರುಗಳ ಸೆನ್ಸಾರ್ ಬೇರೆ. 1947ರಲ್ಲಿ ನಿರ್ಮಾಪಕ ಹಾಲ್ ರೋಚ್ 'ಕರ್ಲಿ' ಅಂತ ಮಕ್ಕಳ ಕಾಮಿಡಿ ಮಾಡಿದರು. ಕಪ್ಪು ಮಕ್ಕಳೂ ಬಿಳಿ ಮಕ್ಕಳೂ ಒಂದೇ ಶಾಲೆಯಲ್ಲಿ ಕಾಣಿಸುತ್ತಾರೆ ಎಂದು ಮೆಂಫಿಸ್ ಸೆನ್ಸಾರ್ ಮಂಡಳಿ ಇಡೀ ಚಿತ್ರವನ್ನೇ ತಡೆಯಿತು! ಕೈಯಲ್ಲಿ ತಟ್ಟೆ ಹಿಡಿದ ಗಸ್ಸಿಯಿಂದ ಮಾತ್ರ ಯಾರಿಗೂ ತೊಂದರೆ ಇರಲಿಲ್ಲ.

ನಮ್ಮವರ ಕಥೆಯೂ ಇದೆ. ಮೈಸೂರು ಸೀಮೆಯ ಕಾರಾಪುರದಲ್ಲಿ ಹುಟ್ಟಿದ ಮಾವುತನ ಮಗ ಸಾಬು 1940ರ ದಶಕದಲ್ಲೇ ಹಾಲಿವುಡ್‌ನಲ್ಲಿ ಹೆಸರು ಮಾಡಿದ್ದರು. ಸಿಕ್ಕಿದ್ದೆಲ್ಲ ಹೆಚ್ಚುಕಡಿಮೆ ಕಾಡು, ಆನೆ, ಅರಬ್ಬೀ ಅರಮನೆಯ ಪಾತ್ರಗಳೇ. 1968ರಲ್ಲಿ 'ದಿ ಪಾರ್ಟಿ' ಎಂಬ ಕಾಮಿಡಿ ಬಂದಾಗ ಬಕ್ಷಿ ಎಂಬ ಭಾರತೀಯ ಪಾತ್ರವೇ ನಾಯಕನಾದ. ಬಕ್ಷಿ ಒಳ್ಳೆಯವನು, ಸುತ್ತಲಿನ ಹಾಲಿವುಡ್ ಮಂದಿಗಿಂತ ಮರ್ಯಾದಸ್ಥ, ಹಾಗಾಗಿ ಈ ಸಿನಿಮಾವನ್ನು ಪೂರ್ತಿ ಬೈಯಲು ನನಗೆ ಮನಸ್ಸು ಬರುವುದಿಲ್ಲ. ಆದರೆ ಆ ಪಾತ್ರ ಮಾಡಿದ್ದು ಕಂದು ಮೇಕಪ್ ಹಚ್ಚಿಕೊಂಡ ಇಂಗ್ಲಿಷ್ ನಟ ಪೀಟರ್ ಸೆಲ್ಲರ್ಸ್.

ಸದ್ಯಕ್ಕೆ ಇಷ್ಟು. ಬಕ್ಷಿ ಬಗ್ಗೆ ಜಗಳ ಆಡುವವರಿದ್ದರೆ ಈಗ ಕೈ ಎತ್ತಿ.