ಬೆಟ್ಟದ ಮನೆಗೆ ಚಳಿಗಾಲದಿಂದ ಲೆಕ್ಕ

ಎಲ್ಲರಿಗೂ ನಮಸ್ಕಾರ. ಪೇಟೆ ಬಿಟ್ಟು ಚಳಿಯ ಬೆಟ್ಟಕ್ಕೆ ಹೋಗಿ, ಒಂದಿಷ್ಟು ನೆಲ ಮಾಡಿಕೊಂಡು, ನಾವೇ ಬೆಳೆದು ತಿನ್ನಬೇಕು ಅನ್ನುವ ಆಸೆ ನಿಮ್ಮಲ್ಲಿ ಹಲವರಿಗೆ ಇದೆ. ಒಳ್ಳೆಯ ಆಸೆ. ಆದರೆ ಜಾಗ ನೋಡಲು ನಾವು ಯಾವಾಗ ಹೋಗುತ್ತೇವೆ? ಬೇಸಿಗೆಯಲ್ಲಿ, ಅಲ್ವಾ? ಸುತ್ತ ಹಸಿರು, ತೊರೆಯಲ್ಲಿ ನೀರು. ಅಲ್ಲೇ ಮುಂಗಡ ಕೊಟ್ಟುಬಿಡುತ್ತೇವೆ. ನನ್ನ ಮಾತು ಇಷ್ಟೇ: ಜಾಗವನ್ನು ಅದರ ಅತಿ ಕಷ್ಟದ ತಿಂಗಳಲ್ಲಿ ನೋಡಿ. ಲೆಕ್ಕವನ್ನೂ ಆ ತಿಂಗಳಿಂದ ಹಿಂದಕ್ಕೆ ಹಾಕುತ್ತಾ ಬನ್ನಿ.

1000 ಮೀಟರ್ ಮೇಲೇರಿದರೆ ಉಷ್ಣಾಂಶ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಆದರೆ ಎತ್ತರ ಒಂದನ್ನೇ ನೋಡಿದರೆ ಸಾಲದು. ರಾತ್ರಿ ತಣ್ಣಗಾದ ಗಾಳಿ ಭಾರವಾಗಿ, ನೀರಿನ ಹಾಗೆ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಹಾಗಾಗಿ ಕಣಿವೆಯ ತಳದ ಚೆಂದದ ಸಮತಟ್ಟು ನೆಲದಲ್ಲೇ ಪೈರು ಮೊದಲು ಕರಕಲಾಗುವುದು. ಇಳಿಜಾರಿನ ನಡುಭಾಗ ಎಷ್ಟೋ ವಾಸಿ. ಭೂಮಿಯ ಉತ್ತರಾರ್ಧದಲ್ಲಿ ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಿಗೆ ಬಿಸಿಲು ಜಾಸ್ತಿ. ಹಿಮ ಬಿದ್ದ ಮೇಲೆ ಒಮ್ಮೆ ಸುತ್ತಾಡಿ ಬನ್ನಿ. ಎಲ್ಲಿ ಮೊದಲು ಕರಗಿದೆಯೋ ಅಲ್ಲಿ ಮನೆ ಮತ್ತು ತರಕಾರಿ ಮಡಿ.

ಬೆಳೆಗೆ ಎಷ್ಟು ದಿನ ಸಿಗುತ್ತದೆ ಎಂದು ಅಕ್ಕಪಕ್ಕದ ರೈತರನ್ನೇ ಕೇಳಿ. ಮೂಲಂಗಿ ತಿಂಗಳಿಗೆಲ್ಲ ಕೈಗೆ ಬರುತ್ತದೆ. ಆಲೂಗಡ್ಡೆಗೆ 90ರಿಂದ 120 ದಿನ ಬೇಕು. ಚಳಿ ಬರೀ ಶತ್ರುವಲ್ಲ, ಸೇಬಿನ ಎಷ್ಟೋ ತಳಿಗಳಿಗೆ ಚೆನ್ನಾಗಿ ಹೂ ಬಿಡಲು ಚಳಿಗಾಲದಲ್ಲಿ 7 ಡಿಗ್ರಿಗಿಂತ ಕೆಳಗಿನ ಚಳಿ 800 ಗಂಟೆಗೂ ಹೆಚ್ಚು ಸಿಗಲೇಬೇಕು.

ಈಗ ಸೌದೆ. ಜನ ಇದನ್ನೇ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಆಗತಾನೆ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ ಇರುತ್ತದೆ. ಒಲೆಗೆ ಹಾಕುವಾಗ ಅದು ಶೇಕಡ 20ಕ್ಕಿಂತ ಕಡಿಮೆ ಇರಬೇಕು. ಸೀಳಿ, ನೆಲಕ್ಕೆ ತಾಗದಂತೆ ಒಟ್ಟಿ, ಮೇಲೆ ಮಾತ್ರ ಮುಚ್ಚಿ, ಪಕ್ಕಗಳಲ್ಲಿ ಗಾಳಿಯಾಡಲು ಬಿಟ್ಟರೆ ಆರು ತಿಂಗಳಿಂದ ಒಂದು ವರ್ಷ. ಗಟ್ಟಿ ಮರವಾದರೆ ಇನ್ನೂ ಜಾಸ್ತಿ. ಅಂದರೆ ಮೊದಲ ಚಳಿಗಾಲದ ಸೌದೆ ನೀವು ಸಾಮಾನು ಸಾಗಿಸುವುದಕ್ಕೆ ಮುಂಚೆಯೇ ಅಲ್ಲಿ ಒಣಗುತ್ತಿರಬೇಕು. ಎರಡು ತುಂಡು ತೆಗೆದು ಒಂದಕ್ಕೊಂದು ಬಡಿದು ನೋಡಿ. ಒಣಗಿದ್ದರೆ ಠಣ್ ಅನ್ನುತ್ತದೆ, ಹಸಿಯಾದರೆ ದಬ್ ಅನ್ನುತ್ತದೆ. ತುದಿಯಲ್ಲಿ ಬಿರುಕುಗಳೂ ಕಾಣಬೇಕು. ಹಸಿ ಸೌದೆಯ ಬಿಸಿಯಲ್ಲಿ ಒಂದು ಪಾಲು ನೀರನ್ನು ಆವಿ ಮಾಡುವುದರಲ್ಲೇ ಹೋಗುತ್ತದೆ. ಹೊಗೆಯ ಜಿಡ್ಡು ಕೊಳವೆಯಲ್ಲಿ ಕಟ್ಟಿಕೊಂಡು ಮುಂದೊಂದು ದಿನ ಅದಕ್ಕೇ ಬೆಂಕಿ ಹತ್ತಬಹುದು. ಚಳಿ ಎಂದು ಗಾಳಿಕಿಂಡಿ ಮುಚ್ಚಲೇಬೇಡಿ. ಒಲೆ ಉರಿಯುವಾಗ ಬರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯಿಲ್ಲ, ಮಲಗಿದ್ದಲ್ಲೇ ಜೀವ ತೆಗೆಯುತ್ತದೆ. ಅದನ್ನು ಪತ್ತೆ ಮಾಡುವ ಅಲಾರಂ ಇರಲೇಬೇಕು.

ನೀರು ಹೆಪ್ಪುಗಟ್ಟಿದಾಗ ಸುಮಾರು ಶೇಕಡ 9ರಷ್ಟು ಹಿಗ್ಗುತ್ತದೆ, ಪೈಪು ಒಡೆಯುತ್ತದೆ. ನೆಲ ಎಷ್ಟು ಆಳದವರೆಗೆ ಹೆಪ್ಪುಗಟ್ಟುತ್ತದೆ ಎಂದು ತಿಳಿದು, ಪೈಪನ್ನು ಅದಕ್ಕಿಂತ ಕೆಳಗೆ ಹೂಳಬೇಕು. ಹಿಮ ಬಿದ್ದಾಗ ರಸ್ತೆ ಯಾರು ತೆರವು ಮಾಡುತ್ತಾರೆ, ಆ ದಾರಿಯಲ್ಲಿ ಓಡಾಡುವ ಹಕ್ಕು ಕಾಗದದಲ್ಲಿ ಇದೆಯಾ, ತೊರೆಯ ನೀರು ಬಳಸಬಹುದಾ, ಇದೆಲ್ಲ ಸಹಿ ಹಾಕುವ ಮೊದಲೇ ಗೊತ್ತಿರಲಿ.

ಕೋಳಿ, ಆಡು ಎರಡನೇ ವರ್ಷಕ್ಕಿರಲಿ. ಅವು ಒಣ ಚಳಿ ತಡೆಯುತ್ತವೆ, ತೇವ ಮತ್ತು ಬೀಸುಗಾಳಿ ತಡೆಯುವುದಿಲ್ಲ. ಮೊದಲ ಚಳಿಗಾಲ ಕಳೆದ ಮೇಲೆ ಗಾಳಿ ಯಾವ ಕಡೆಯಿಂದ ಬೀಸುತ್ತದೆ, ಹಿಮ ಎಲ್ಲಿ ಗುಡ್ಡೆ ಬೀಳುತ್ತದೆ ಎಂದು ನಿಮಗೇ ಗೊತ್ತಿರುತ್ತದೆ. ಕೊಟ್ಟಿಗೆ ಕಟ್ಟುವ ಜಾಗವನ್ನು ಆಗ ಗುರುತು ಮಾಡಿ.